ಮೋಡಪ್ಪನಿಗೆ ಬೇಕಾಗಿದ್ದ ಮಳೆ

ಬೀಗದ ಕಂಪನಿಯ ಗಂಡಸರ ಶೌಚಾಲಯದಲ್ಲಿ ಒಂದು ವಿಶೇಷವಿತ್ತು. ಗೋಡೆಗೆ ಕೆಳಗಿನಿಂದ ಮೇಲಿನವರೆಗೂ ಟೈಲ್ಸ್ ಹಾಕಿಸಿದ್ದರಿಂದ ಅಲ್ಲಿ ಸುಮ್ಮನೆ ಕೆಮ್ಮಿದರೂ ದೊಡ್ಡ ಸಂಗೀತಗಾರರು ಕೆಮ್ಮಿದಂತೆ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಮೋಡಪ್ಪ ಅಲ್ಲಿ ಕೈ ತೊಳೆಯುತ್ತ, ಅಂಗಿ ಜೇಬಿನ ಫೋನಿನಲ್ಲಿ ಹಳೆಯ ಹಾಡೊಂದನ್ನು ಹಾಕಿಕೊಂಡಿದ್ದ. ಹಾಡು ಮುಗಿಯುವುದಕ್ಕೂ ಅವನು ಕೈ ಒರೆಸಿಕೊಂಡು ಹೊರಗೆ ಬರುವುದಕ್ಕೂ ಸರಿಹೋಯಿತು. ಬಾಗಿಲ ಬಳಿ ಮ್ಯಾನೇಜರ್ ಸಾಹೇಬರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಏನ್ರೀ ಮೋಡಪ್ಪ, ಇಷ್ಟು ವರ್ಷ ಈ ಕಂಠಾನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು.

ಹಾಡಿನಲ್ಲಿ ಪಿಟೀಲು, ಕೊಳಲು ಎಲ್ಲ ಇದ್ದವು. ಅವೆಲ್ಲ ಎಲ್ಲಿಂದ ಬಂದವು ಎಂದು ಸಾಹೇಬರು ಕೇಳಲಿಲ್ಲ. ಮೋಡಪ್ಪ ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಅವನ ಇಡೀ ನೌಕರಿಯಲ್ಲಿ ಯಾರೂ ಅವನನ್ನು ಹಾಗೆ ಒದ್ದೆ ಕಣ್ಣಿನಿಂದ ನೋಡಿರಲಿಲ್ಲ. "ಏನೋ ಸರ್, ಹಾಗೇ ಸುಮ್ನೆ..." ಎಂದು ತಲೆ ತಗ್ಗಿಸಿದ.

ಆ 'ಸುಮ್ನೆ' ಸುಮ್ಮನಿರಲಿಲ್ಲ. ಸಂಜೆಯೊಳಗೆ ಕಂಪನಿಯ ತುಂಬ ಸುದ್ದಿಯಾಯಿತು. ಬರುವ ಭಾನುವಾರ ಕಂಪನಿಯ ವಾರ್ಷಿಕೋತ್ಸವ, ಮೊದಲ ಕಾರ್ಯಕ್ರಮವೇ ಮೋಡಪ್ಪನ ಹಾಡು ಎಂದು ಸಾಹೇಬರು ಸಾರಿಬಿಟ್ಟರು.

ಮೋಡಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಅವನು ಮಾಲು ರವಾನೆ ವಿಭಾಗದವನು. ಬೀಗ ತುಂಬಿದ ರಟ್ಟಿನ ಪೆಟ್ಟಿಗೆಗಳನ್ನು ಲಾರಿಗೆ ಹೇರಿಸಿ ಕಳಿಸುವುದು ಅವನ ಕೆಲಸ. ರಟ್ಟು ನೆನೆದರೆ ಪೆಟ್ಟಿಗೆಯ ತಳ ಕಿತ್ತುಹೋಗುತ್ತದೆ, ಬೀಗ ನೆನೆದರೆ ತುಕ್ಕು ಹಿಡಿಯುತ್ತದೆ. ಹೀಗಾಗಿ ಲಾರಿ ನಿಲ್ಲುವ ಕಟ್ಟೆಯ ಮೇಲೆ ನಿಂತು ಆಕಾಶ ನೋಡುವುದೇ ಅವನ ಅರ್ಧ ನೌಕರಿಯಾಗಿತ್ತು. ಆ ಊರಿನ ಆಕಾಶವಾದರೂ ಎಂಥದ್ದು? ಹಟಮಾರಿ ಮಗುವಿನಂಥದ್ದು. ಬೆಳಿಗ್ಗೆ ನಗು, ಮಧ್ಯಾಹ್ನ ಮುನಿಸು, ಸಂಜೆ ರಂಪ, ಅತ್ತು ಮುಗಿದ ಮೇಲೆ ಮತ್ತೆ ಏನೂ ಆಗದವರ ಹಾಗೆ ನಗು. ಮನೆಯಿಂದ ಸ್ವೆಟರ್ ಹಾಕಿಕೊಂಡು ಹೊರಟವರು ದಾರಿಯಲ್ಲೇ ಬೆವರುತ್ತಿದ್ದರು. ಬಿಸಿಲೆಂದು ಕೊಡೆ ಬಿಟ್ಟುಬಂದವರು ತೊಯ್ದು ತೊಪ್ಪೆಯಾಗಿ ಮನೆ ಸೇರುತ್ತಿದ್ದರು. ಇಂಥ ಊರಿನಲ್ಲಿ ಮೋಡಪ್ಪ ಒಬ್ಬನೇ ನೀರಿನ ಟ್ಯಾಂಕಿನ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡಿ, "ಟಾರ್ಪಾಲು ಎಳೀರಪ್ಪ" ಎನ್ನುತ್ತಿದ್ದ. ಲಾರಿಯವರು ಟಾರ್ಪಾಲಿನ ಹಗ್ಗ ಬಿಗಿಯುವುದಕ್ಕೂ ಹನಿ ಬೀಳುವುದಕ್ಕೂ ತಾಳೆಯಾಗುತ್ತಿತ್ತು. ಹಾಗೆ ಬಂದ ಹೆಸರು ಮೋಡಪ್ಪ. ಸಂಬಳ ಕೊಡುವವರಿಗೂ ಅವನ ಹುಟ್ಟುಹೆಸರು ಮರೆತುಹೋಗಿತ್ತು.

ಹಾಡಿನ ವಿಷಯ ಮಾತ್ರ ಬೇರೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವನು ಖುಷಿಯಾಗಿ ಒಂದು ಸಾಲು ಗುನುಗಿದ್ದಕ್ಕೆ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, "ರೀ, ಹೊಟ್ಟೆನೋವಾ?" ಎಂದು ಕೇಳಿದ್ದಳು. ಅಂದಿನಿಂದ ಅವನು ಆ ಸಾಹಸಕ್ಕೆ ಕೈ ಹಾಕಿರಲಿಲ್ಲ.

ಈಗ ಏನು ಮಾಡುವುದೆಂದು ತಲೆಕೆಡಿಸಿಕೊಂಡು ಕೂತಿದ್ದಾಗ ದೇವರೇ ದಾರಿ ತೋರಿಸಿದಂತೆ ಸಾಹೇಬರು ಅವನನ್ನು ಕರೆಸಿದರು. ಲೆಕ್ಕದ ವಿಭಾಗದ ಮೇಡಂ ಕೂಡ ಅಲ್ಲೇ ಕೂತಿದ್ದರು. ಸಮಾರಂಭದ ಊಟ, ಅಲಂಕಾರ ಎಲ್ಲ ಅವರದೇ ಹೊಣೆ.

"ಮೋಡಪ್ಪ, ಸಮಾರಂಭ ಪಾರ್ಕಿನ ಹುಲ್ಲುಹಾಸಿನ ಮೇಲೆ. ಚಪ್ಪರ ಗಿಪ್ಪರ ಏನೂ ಬೇಡ, ತೆರೆದ ಆಕಾಶದ ಕೆಳಗೆ ಚೆನ್ನಾಗಿರುತ್ತೆ. ಮಳೆ ಬರದೇ ಇರೋ ಹೊತ್ತು ಯಾವುದು ಹೇಳಿ, ಆ ಹೊತ್ತಿಗೇ ಇಟ್ಕೊಳ್ಳೋಣ."

ಆ ತಿಂಗಳಲ್ಲಿ ಬೆಳಗಿನ ಹೊತ್ತು ಒಂದು ಹನಿಯೂ ಬೀಳುವುದಿಲ್ಲ ಎಂದು ಮೋಡಪ್ಪನಿಗೆ ಗೊತ್ತಿತ್ತು. ಸಂಜೆ ನಾಲ್ಕಕ್ಕೆ ಮಾತ್ರ ಮಳೆ ಹಾಜರಿ ಹಾಕುವ ನೌಕರನಂತೆ ತಪ್ಪದೆ ಬರುತ್ತದೆ ಎಂಬುದೂ ಗೊತ್ತಿತ್ತು. ಒಂದು ಕ್ಷಣ ಕಿಟಕಿಯ ಹೊರಗೆ ನೋಡಿದ. ಆಮೇಲೆ ಗಂಭೀರವಾಗಿ, "ನಾಲ್ಕು ಗಂಟೆ ಸರ್. ಸಂಜೆ ನಾಲ್ಕು ಗಂಟೆ" ಎಂದ.

ಲೆಕ್ಕದ ಮೇಡಂ ಹುಬ್ಬೇರಿಸಿದರು. "ದಿನಾ ನಾಲ್ಕಕ್ಕೇ ಅಲ್ವಾ ಮಳೆ ಹಿಡಿಯೋದು? ನಾನು ದಿನಾ ನೆನ್ಕೊಂಡೇ ಮನೆಗೆ ಹೋಗ್ತೀನಲ್ಲ."

"ಗಾಳಿ ತಿರುಗಿದೆ ಮೇಡಂ" ಎಂದ ಮೋಡಪ್ಪ. "ಈ ವಾರದ ಲೆಕ್ಕವೇ ಬೇರೆ."

"ಅವರಿಗಿಂತ ಹೆಚ್ಚು ಗೊತ್ತಾ ಮೇಡಂ ನಿಮಗೆ?" ಎಂದು ಸಾಹೇಬರು ಮಾತು ಮುಗಿಸಿದರು.

ಹೊರಗೆ ಬಂದ ಮೋಡಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ಮಳೆ ಬಂದರೆ ಹವಾಮಾನ ಹೇಳುವವನಾಗಿ ಮೂಗು ಹೋಗುತ್ತದೆ. ಬರದಿದ್ದರೆ ಹಾಡುವವನಾಗಿ ಮೂಗು, ಕಿವಿ ಎರಡೂ ಹೋಗುತ್ತವೆ. ಮೂಗೊಂದೇ ಹೋಗುವುದು ವಾಸಿ ಎನಿಸಿತು.

ಭಾನುವಾರ ಬೆಳಗಾಯಿತು. ಮೋಡಪ್ಪ ಹಾಸಿಗೆಯಿಂದೆದ್ದವನೇ ಬಾಲ್ಕನಿಗೆ ಓಡಿದ. ಆಕಾಶ ಆಗತಾನೇ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಹುಡುಕಿದರೂ ಒಂದು ಮೋಡದ ಎಳೆ ಇಲ್ಲ. ಬೆಳಿಗ್ಗೆ ಹೀಗೇ ಇರುವುದಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಮೇಲ್ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರರು ಉಪ್ಪುನೀರಿನ ಚೊಂಬು ಹಿಡಿದು ಕೆಳಗಿಳಿದು ಬಂದರು.

"ಗಂಟಲಿಗೆ ಇದು ಒಳ್ಳೇದು, ಮುಕ್ಕಳಿಸಿ. ನಿಮ್ಮ ಹಾಡಿನ ವಿಷಯ ಗೊತ್ತಾಯ್ತು. ನಮ್ಮ ಕೆಳಗಿನ ಮನೇಲೇ ಕೋಗಿಲೆ ಇದ್ದೂ ನಮಗೇ ಹೇಳಿಲ್ವಲ್ಲ! ನಾನೂ ಬರ್ತೀನಿ ಸಂಜೆಗೆ."

"ಮಳೆ ಬಂದ್ರೆ ನಿಮಗೆ ತೊಂದ್ರೆ ಅಲ್ವಾ ಯಜಮಾನ್ರೇ? ನೀವು ಮನೇಲೇ ಇರಿ."

"ಎಲ್ಲೀ ಮಳೆ? ನಮ್ಮ ಫೋನಲ್ಲಿ ಇಡೀ ದಿನ ಸೂರ್ಯನ ಚಿತ್ರಾನೇ ಇದೆ. ಅದೂ ಹೋಗ್ಲಿ, ಮಳೆ ಬರೋ ದಿನ ನನ್ನ ಎಡ ಮಂಡಿ ಕುಟುಕುಟು ಅನ್ನುತ್ತೆ. ಇವತ್ತು ನೋಡಿ" ಎಂದು ಪೋಸ್ಟ್‌ಮಾಸ್ಟರರು ಅಲ್ಲೇ ಎರಡು ಸಲ ಬಸ್ಕಿ ಹೊಡೆದು ತೋರಿಸಿದರು.

ಮೋಡಪ್ಪನಿಗೆ ಆ ಮಂಡಿಯನ್ನು ನೋಡಿ ಅಳು ಬಂತು. ಗಾಬರಿಯಲ್ಲಿ ಉಪ್ಪುನೀರನ್ನು ಮುಕ್ಕಳಿಸುವ ಬದಲು ನುಂಗಿಬಿಟ್ಟ.

ಇನ್ನು ಕೈಕಟ್ಟಿ ಕೂರುವ ಹಾಗಿಲ್ಲ. ಮಳೆ ಬರಿಸುವ ಉಪಾಯಗಳು ಯಾವ ಪುಸ್ತಕದಲ್ಲೂ ಇಲ್ಲದಿದ್ದರೂ ಸಂಸಾರಸ್ಥರಿಗೆಲ್ಲ ಗೊತ್ತಿರುತ್ತವೆ. ಮೋಡಪ್ಪ ಒಂದೊಂದಾಗಿ ಶುರುಮಾಡಿದ. ಮೊದಲು ಸ್ಕೂಟರನ್ನು ಸೋಪು ಹಾಕಿ ತೊಳೆದ. ಹೊಸ ಸ್ಕೂಟರಿಗಿಂತ ಹೊಳೆಯುವ ಹಾಗೆ ಒರೆಸಿದ. ಬೂಟಿಗೆ ಪಾಲಿಶ್ ತಿಕ್ಕಿದ. ಕೊಡೆಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ. ಆಮೇಲೆ ಹೆಂಡತಿಯ ಬಳಿ ಹೋಗಿ, "ಇವತ್ತು ಹೊದಿಕೆ, ಪರದೆ ಎಲ್ಲ ಒಗೆದು ಮೇಲೆ ಒಣಗಿ ಹಾಕಿಬಿಡೋಣ ಕಣೇ" ಎಂದ.

ಹೆಂಡತಿ ಹಲ್ಲಿನ ಡಾಕ್ಟರರ ಆಸ್ಪತ್ರೆಯಲ್ಲಿ ಸ್ವಾಗತದ ಮೇಜಿನ ಹಿಂದೆ ಕೂರುವವಳು. ನೋವಿಲ್ಲ ಎಂದು ಸುಳ್ಳು ಹೇಳುವವರ ಮುಖವನ್ನು ದಿನವಿಡೀ ನೋಡಿ ಪಳಗಿದವಳು. ಗಂಡನ ಮುಖವನ್ನು ಹಾಗೇ ನೋಡಿದಳು.

"ಭಾನುವಾರ ನಾನು ಹೇಳಿದ್ರೂ ಒಂದು ಕರವಸ್ತ್ರ ಒಗೆಯೋರಲ್ಲ. ಏನು ಸಮಾಚಾರ?"

ಮೋಡಪ್ಪ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಕೇಳಿದ ಅವಳು ಮೊದಲು ಹಣೆ ಚಚ್ಚಿಕೊಂಡಳು. ಆಮೇಲೆ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ, "ಫೋನು ಹಾಡಿದ್ದು ಅಂತ ಹೇಳೋಕೆ ನಿಮಗೆ ಬಾಯಿ ಇರ್ಲಿಲ್ವಾ? ಈಗ ಊರವರ ಕೇಕು, ತಿಂಡಿ ಎಲ್ಲ ಮಳೆಗೆ ಹಾಕ್ತಿದೀರಲ್ಲ!" ಎಂದಳು. ಆದರೆ ಹಾಗೆನ್ನುತ್ತಲೇ ಬಕೆಟ್ಟಿಗೆ ಹೊದಿಕೆಗಳನ್ನು ತುಂಬತೊಡಗಿದಳು. ಗಂಡ ಹಾಡುವುದನ್ನು ನಾಲ್ಕು ಜನರ ನಡುವೆ ಕೂತು ಕೇಳುವುದಕ್ಕಿಂತ ಹೊದಿಕೆ ಇನ್ನೊಮ್ಮೆ ಒಗೆಯುವುದು ಸುಲಭ ಎಂದು ಅವಳಿಗೂ ಅನಿಸಿತ್ತು.

ಎಲ್ಲ ಉಪಾಯಗಳೂ ನೆಲಕಚ್ಚಿದವು. ಹೊದಿಕೆಗಳು ಮಧ್ಯಾಹ್ನದ ಹೊತ್ತಿಗೆ ಹಪ್ಪಳದ ಹಾಗೆ ಒಣಗಿ ಗರಿಗರಿಯಾದವು. ಸ್ಕೂಟರಿನ ಮೇಲೆ ಬಿಸಿಲು ಬಿದ್ದು ನೋಡುವವರ ಕಣ್ಣು ಕುಕ್ಕಿತು. ಗಂಡ ಹೆಂಡತಿ ಇಬ್ಬರೂ ಶವಕ್ಕೆ ಹೂ ಕೊಂಡುಹೋಗುವವರ ಮುಖ ಹೊತ್ತು ಪಾರ್ಕಿಗೆ ಹೊರಟರು.

ಪಾರ್ಕಿನಲ್ಲಿ ಆಗಲೇ ಎಲ್ಲ ಸಜ್ಜಾಗಿತ್ತು. ಹುಲ್ಲಿನ ಮೇಲೆ ಸಾಲಾಗಿ ಕುರ್ಚಿಗಳು, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ನಡುವೆ ಬೀಗದ ಆಕಾರದ ಕೇಕು, ಅದಕ್ಕೆ ಸಕ್ಕರೆಯ ಕೀಲಿಕೈ. ಎರಡು ದಿನದಿಂದ ನಿದ್ದೆಗೆಟ್ಟಿದ್ದ ಲೆಕ್ಕದ ಮೇಡಂ ಒಂದೊಂದು ತಟ್ಟೆಯನ್ನೂ ನೇರ ಮಾಡುತ್ತಿದ್ದರು.

"ಮೋಡಪ್ಪನೋರೇ, ನಿಜ ಹೇಳಿ, ಮಳೆ ಬರಲ್ಲ ತಾನೇ?" ಎಂದು ಕೇಳಿದರು.

ಆಕಾಶ ಆಗಲೂ ನೀಲಿಯಾಗಿಯೇ ಇತ್ತು. "ಬರೋ ಲಕ್ಷಣಾನೇ ಕಾಣ್ತಿಲ್ಲ ಮೇಡಂ" ಎಂದ ಮೋಡಪ್ಪ. ಆ ವಾರದಲ್ಲಿ ಕಂಪನಿಯವರಿಗೆ ಅವನು ಹೇಳಿದ ಮೊದಲ ಸತ್ಯ ಅದೇ. ಆದರೆ ಹೇಳುವಾಗ ಅವನ ದನಿ ಎಷ್ಟು ದೀನವಾಗಿತ್ತೆಂದರೆ ಮೇಡಂ ಗಾಬರಿಯಾಗಿ ಮತ್ತೊಮ್ಮೆ ಮೇಲೆ ನೋಡಿದರು.

ನಾಲ್ಕು ಗಂಟೆ ಹತ್ತಿರವಾಯಿತು. ನೌಕರರು, ಅವರ ಮನೆಯವರು, ಮಕ್ಕಳು ಎಲ್ಲ ಬಂದು ಕೂತರು. ಪೋಸ್ಟ್‌ಮಾಸ್ಟರರು ಮೊದಲ ಸಾಲಿನಲ್ಲೇ ಜಾಗ ಹಿಡಿದು ಮೋಡಪ್ಪನಿಗೆ ಗಂಟಲು ತೋರಿಸಿ ಸನ್ನೆ ಮಾಡಿದರು. ಆಗ ನೀರಿನ ಟ್ಯಾಂಕಿನ ಹಿಂದಿನಿಂದ ಬೂದು ಬಣ್ಣದ ಮೋಡವೊಂದು ತಲೆ ಎತ್ತಿತು.

ಮೋಡಪ್ಪನ ಮುಖ ಅರಳಿತು. ಬಾ ತಂದೆ ಬಾ ಎಂದು ಮನಸ್ಸಿನಲ್ಲೇ ಕೈಮುಗಿದ. ಮೋಡ ಹಿಗ್ಗಿತು. ಬಿಸಿಲು ಮಂಕಾಯಿತು. ಮೇಜಿನ ಬಟ್ಟೆಗಳು ಪಟಪಟ ಹೊಡೆದುಕೊಂಡವು. ಜನ ಕತ್ತು ಮೇಲೆತ್ತಿದರು. ಇನ್ನೇನು ಬಿತ್ತು ಎನ್ನುವಾಗ ಎಲ್ಲಿಂದಲೋ ಬೀಸಿದ ಗಾಳಿ ಆ ಮೋಡವನ್ನು ಅಂಗಡಿಯವನು ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ಹಾಗೆ ಊರಿನ ಇನ್ನೊಂದು ತುದಿಗೆ ಸಾಗಿಸಿಬಿಟ್ಟಿತು. ಮತ್ತೆ ಬಿಸಿಲು.

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನೋಡಿದ್ರಾ? ನಮ್ಮ ಮೋಡಪ್ಪ ಬರಲ್ಲ ಅಂದ್ರೆ ಬರಲ್ಲ! ಬನ್ನಿ ಮೋಡಪ್ಪ, ಶುರು ಮಾಡಿ."

ಮೋಡಪ್ಪ ಕಾಲೆಳೆಯುತ್ತ ವೇದಿಕೆ ಹತ್ತಿದ. ಮೈಕಿನ ತಲೆಗೆ ಬೆರಳಲ್ಲಿ ತಟ್ಟಿದ. "ಹಲೋ, ಹಲೋ" ಎಂದ. ಮೈಕು ಸ್ವಲ್ಪ ಎತ್ತರವಾಯಿತು ಎಂದ. ಇಳಿಸಿದ ಮೇಲೆ ತಗ್ಗಾಯಿತು ಎಂದ. ಕುಡಿಯಲು ನೀರು ಕೇಳಿದ. ನೀರು ಬಂದ ಮೇಲೆ ಬಿಸಿನೀರು ಕೇಳಿದ. ಆಮೇಲೆ ಕಂಪನಿಯ ಬೀಗದ ಗಟ್ಟಿತನದ ಬಗ್ಗೆ ಎರಡು ಮಾತಾಡಿದ. ಜನ ಗೊಣಗತೊಡಗಿದರು. "ಹಾಡು! ಹಾಡು!" ಎಂದು ಹಿಂದಿನ ಸಾಲಿನವರು ಕೂಗಿದರು. ಇನ್ನು ದಾರಿ ಇರಲಿಲ್ಲ. ಮೋಡಪ್ಪ ಕಣ್ಣು ಮುಚ್ಚಿದ, ಉಸಿರೆಳೆದುಕೊಂಡ, ಬಾಯಿ ತೆರೆದ.

ತೆರೆದ ಬಾಯಿಯೊಳಗೇ ಮೊದಲ ಹನಿ ಬಿತ್ತು.

ಮೋಡ ಹಿಂಬದಿಯಿಂದ ಬಂದಿತ್ತು. ಟ್ಯಾಂಕಿನ ಕಡೆಗೇ ಕಣ್ಣಿಟ್ಟಿದ್ದ ಮೋಡಪ್ಪ ಬೆನ್ನ ಹಿಂದೆ ನೋಡಿರಲಿಲ್ಲ. ಎರಡನೆಯ ಹನಿ ಬೀಳುವ ಮೊದಲೇ ನೂರನೆಯದು ಬಿತ್ತು. ಆಕಾಶಕ್ಕೆ ತಳವೇ ಕಿತ್ತುಹೋದಂತೆ ಧೋ ಎಂದು ಸುರಿಯಿತು. ಹೋ ಎಂದು ಗದ್ದಲವೆದ್ದಿತು. ಅಪ್ಪಂದಿರು ಮಕ್ಕಳನ್ನೆತ್ತಿಕೊಂಡರು, ಲೆಕ್ಕದ ಮೇಡಂ ಕೇಕನ್ನೆತ್ತಿಕೊಂಡರು, ಪೋಸ್ಟ್‌ಮಾಸ್ಟರರು ತಮ್ಮ ಮಂಡಿಯನ್ನು ಬೈಯುತ್ತ ಆ ಮಂಡಿಯ ಮೇಲೆಯೇ ಓಡಿದರು. ಪಾರ್ಕಿನ ಪಕ್ಕದಲ್ಲಿದ್ದ ಗ್ರಂಥಾಲಯದ ಕಟ್ಟಡದ ಕೆಳಗೆ ವಾಹನ ನಿಲ್ಲಿಸುವ ವಿಶಾಲವಾದ ಜಾಗವಿತ್ತು. ಎಲ್ಲರೂ ಅದರೊಳಗೆ ನುಗ್ಗಿದರು.

ಮೋಡಪ್ಪ ಮಾತ್ರ ಓಡಲಿಲ್ಲ. ನೆನೆಯುತ್ತ ನಡೆದು ಬಂದ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ವಿದ್ಯಾರ್ಥಿಯ ಹಾಗೆ ಅವನ ಮೈ ಹಗುರಾಗಿತ್ತು. ಮುಖದ ಮೇಲೆ ನೀರು ಇಳಿಯುತ್ತಿದ್ದರೆ ಅದರ ಕೆಳಗೆ ನಗು ಬಚ್ಚಿಟ್ಟುಕೊಳ್ಳುವುದೇ ಕಷ್ಟವಾಗಿತ್ತು. ಕಂಬದ ಬಳಿ ಕಾದಿದ್ದ ಹೆಂಡತಿ, "ಬಚಾವಾದ್ರಿ" ಎಂದು ಪಿಸುಗುಟ್ಟಿ ಕರವಸ್ತ್ರ ಕೊಟ್ಟಳು. "ಬಚಾವಾದ್ವಿ" ಎಂದು ಮೋಡಪ್ಪ ತಿದ್ದಿದ.

ಅಲ್ಲಿದ್ದವರು ಕಂಪನಿಯವರು ಮಾತ್ರವಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು, ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದ ಕಂಟ್ರಾಕ್ಟರು, ಪಾರ್ಕಿನ ತೋಟಗಾರ, ಎಲ್ಲರೂ ತಲೆ ಒರೆಸಿಕೊಳ್ಳುತ್ತ ಒಳಗೆ ಸೇರಿಕೊಂಡರು. ಮೂರು ಕಡೆಯೂ ಮಳೆ ಪರದೆ ಇಳಿಬಿಟ್ಟಂತೆ ಸುರಿಯುತ್ತಿತ್ತು. ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಮಾಡಲು ಯಾರಿಗೂ ಏನೂ ಕೆಲಸವಿರಲಿಲ್ಲ.

ಸಾಹೇಬರು ಸುತ್ತಲೂ ಕಣ್ಣಾಡಿಸಿದರು. ಅವರ ಮುಖ ನಿಧಾನವಾಗಿ ಬೆಳಗತೊಡಗಿತು. ಅದನ್ನು ನೋಡಿ ಮೋಡಪ್ಪನ ಮುಖ ಅಷ್ಟೇ ನಿಧಾನವಾಗಿ ಆರತೊಡಗಿತು.

"ಮಳೆ ಬಂದದ್ದೇ ಒಳ್ಳೇದಾಯ್ತು ರೀ!" ಎಂದರು ಸಾಹೇಬರು. "ಅಲ್ಲಿ ಇದ್ದದ್ದು ನಮ್ಮ ಜನ ಮಾತ್ರ. ಇಲ್ಲಿ ನೋಡಿ, ಊರೇ ಸೇರಿದೆ. ಎದ್ದು ಹೋಗೋಣ ಅಂದ್ರೂ ಹೋಗೋ ಹಾಗಿಲ್ಲ. ಇಂಥ ಸಭೆ ಯಾವ ಗಾಯಕನಿಗೆ ಸಿಗುತ್ತೆ? ಹಾಡಿ ಮೋಡಪ್ಪ!"

"ಸರ್, ಮೈಕು... ಮೈಕು ಅಲ್ಲೇ ಉಳೀತು."

"ಮೈಕು ಯಾಕೆ?" ಸಾಹೇಬರು ಕೈ ತಟ್ಟಿ ತೋರಿಸಿದರು. ಆ ಸದ್ದು ಕಾಂಕ್ರೀಟಿನ ಚಾವಣಿಗೆ ಬಡಿದು, ಕಂಬ ಕಂಬವನ್ನೂ ಮಾತಾಡಿಸಿಕೊಂಡು ವಾಪಸು ಬಂತು. "ಹೇಗೆ ಗುಂಯ್‌ಗುಡುತ್ತೆ ನೋಡಿ!"

ಮೋಡಪ್ಪ ಹೆಂಡತಿಯ ಕಡೆ ನೋಡಿದ. ಅವಳು ಪಕ್ಕದಲ್ಲಿ ನಿಂತಿದ್ದ ಕಾರಿನ ನಂಬರನ್ನು ಆಸಕ್ತಿಯಿಂದ ಓದುತ್ತಿದ್ದಳು. ಜನ ಜಾಗ ಬಿಟ್ಟು ಸುತ್ತ ನಿಂತರು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಆದದ್ದಾಗಲಿ ಎಂದು ಶುರುಮಾಡಿದ.

ಅದು ಹೇಗಿತ್ತೆಂದು ಹೇಳುವುದು ಕಷ್ಟ. ವರ್ಷಗಟ್ಟಲೆ ಮುಚ್ಚಿದ್ದ ಅಂಗಡಿಯ ಬಾಗಿಲನ್ನು ಯಾರೋ ಒಂದೇ ಸಲಕ್ಕೆ ಮೇಲೆತ್ತಿದ ಹಾಗೆ ಮೊದಲ ಸಾಲು ಬಂತು. ಎರಡನೆಯ ಸಾಲು ಏರುದಾರಿಯಲ್ಲಿ ತುಂಬಿದ ಲಾರಿ ಹಿಂದಕ್ಕೆ ಜಾರಿದ ಹಾಗಿತ್ತು. ಅಳುತ್ತಿದ್ದ ಮಗುವೊಂದು ಥಟ್ಟನೆ ಸುಮ್ಮನಾಯಿತು. ಒಂದು ಗಳಿಗೆ ಯೋಚಿಸಿ ಬೇರೆ ರಾಗದಲ್ಲಿ ಅಳತೊಡಗಿತು. ಚಾವಣಿ ಪ್ರತಿಯೊಂದು ಸಾಲನ್ನೂ ಎರಡೆರಡು ಸಲ ತಿರುಗಿ ಹಾಡಿತು. ಜನ ಹೊರಗಿನ ಮಳೆಯನ್ನು ಆಸೆಯ ಕಣ್ಣಿನಿಂದ ನೋಡಿದರು. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಇಬ್ಬರು ಚೀಲ ತಲೆ ಮೇಲಿಟ್ಟುಕೊಂಡು ಆ ಸುರಿಮಳೆಯಲ್ಲೇ ಹೊರಟುಹೋದರು. ಕಣ್ಣು ಮುಚ್ಚಿದ್ದ ಮೋಡಪ್ಪನಿಗೆ ಇದೊಂದೂ ಕಾಣಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಎಲ್ಲರ ಮುಖ ನೋಡಬೇಕಾಗುತ್ತದಲ್ಲ ಎಂಬ ಹೆದರಿಕೆಗೆ ಅವನು ಇಡೀ ಹಾಡನ್ನು, ಎಲ್ಲ ಚರಣಗಳ ಸಮೇತ, ಹಾಡಿಯೇ ಬಿಟ್ಟ.

ಮುಗಿಯಿತು. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಆ ಮೌನದಲ್ಲಿ ಏನೋ ಕಡಿಮೆಯಾದಂತಿತ್ತು. ಮೋಡಪ್ಪ ಒಂದು ಕಣ್ಣು ತೆರೆದ. ಹೊರಗೆ ಬಿಸಿಲು! ಹುಲ್ಲಿನ ಮೇಲೆ ನೀರು ಫಳಫಳಿಸುತ್ತಿತ್ತು.

"ಮಳೆ ನಿಂತೋಯ್ತು!" ಎಂದ ಕಂಟ್ರಾಕ್ಟರು.

"ನಿಲ್ದೇ ಏನ್ ಮಾಡುತ್ತೆ, ಅದಕ್ಕೂ ಕಿವಿ ಇರಲ್ವಾ?" ಎಂದಿತು ಹಿಂದಿನಿಂದ ಒಂದು ದನಿ.

ಆಗ ಎದ್ದ ನಗುವಿಗೆ ಚಾವಣಿ ಹಾರಿಹೋಗಬೇಕಿತ್ತು. ಪೋಸ್ಟ್‌ಮಾಸ್ಟರರು ಕಂಬ ಹಿಡಿದುಕೊಂಡು ನಕ್ಕರು. ಲೆಕ್ಕದ ಮೇಡಂ ಕೇಕನ್ನು ಕೆಳಗಿಟ್ಟು ನಕ್ಕರು. ಕಾರಿನ ನಂಬರು ಓದುತ್ತಿದ್ದ ಹೆಂಡತಿಯೂ ಕಣ್ಣೊರೆಸಿಕೊಂಡು ನಕ್ಕಳು. ಸಾಹೇಬರೊಬ್ಬರು ಮಾತ್ರ ಹತ್ತಿರ ಬಂದು ಮೆಲ್ಲಗೆ, "ಗಂಟಲು ಕೆಟ್ಟಿದೆಯಾ ಇವತ್ತು?" ಎಂದು ಕೇಳಿದರು.

ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇರಲಿಲ್ಲ. ಆದರೆ ಮೋಡಪ್ಪನಿಗೆ ಸುಳ್ಳು ಸಾಕಾಗಿತ್ತು. "ಇಲ್ಲ ಸರ್, ಇದೇ ನನ್ನ ಗಂಟಲು. ಅವತ್ತು ನೀವು ಕೇಳಿದ್ದು ಫೋನು."

ಸಾಹೇಬರು ಅವನನ್ನೇ ನೋಡಿದರು. ಅವರ ಗಲ್ಲ ಅದುರಿತು, ಹೊಟ್ಟೆ ಅದುರಿತು, ಕೊನೆಗೆ ಇಡೀ ಸಾಹೇಬರೇ ಅದುರಿ ಅದುರಿ ನಕ್ಕರು. "ನಾನೂ ಎಂಥ ಪೆದ್ದ ರೀ! ಪಿಟೀಲು ಯಾರು ಬಾರಿಸ್ತಿದ್ರು ಅಂತಾನೂ ಯೋಚಿಸ್ಲಿಲ್ಲ. ಹೋಗ್ಲಿ ಬಿಡಿ. ಇನ್ಮೇಲೆ ಮಾತ್ರ ಹಾಡ್ಬೇಡಿ ಮಹರಾಯ್ರೇ!"

ಮೋಡಪ್ಪನಿಗೆ ಸಂಬಳ ಏರಿಸಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಕುರ್ಚಿಗಳನ್ನು ಒರೆಸಿ ಎಲ್ಲರೂ ಮತ್ತೆ ಹುಲ್ಲಿನ ಮೇಲೆ ಕೂತರು. ಕೇಕಿನ ಕೀಲಿಕೈ ಕರಗಿಹೋಗಿತ್ತು, ಬೀಗ ಭದ್ರವಾಗಿತ್ತು. ಮೋಡಪ್ಪ ಎರಡು ತುಂಡು ತಿಂದ. ಸಾಹೇಬರ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ ಕೆಸರು ಹಾರಿದರೂ ಅವನಿಗೆ ಅದು ಹೂವಿನ ಮಳೆಯಂತೆ ಕಂಡಿತು.

ಮನೆ ಸೇರಿ ಒಣ ಬಟ್ಟೆ ಹಾಕಿಕೊಂಡು ಕಾಲು ಚಾಚಿ ಕೂತ. ಹೆಂಡತಿ ಬಿಸಿಬಿಸಿ ಕಾಫಿ ತಂದುಕೊಟ್ಟಳು. "ಎಲ್ಲ ಮುಗೀತಲ್ಲ, ಸದ್ಯ" ಎಂದಳು. "ಮುಗೀತು ಕಣೇ. ಇನ್ನು ಈ ಜನ್ಮದಲ್ಲಿ ಯಾರೂ ನನಗೆ ಹಾಡು ಅನ್ನಲ್ಲ" ಎಂದು ಮೋಡಪ್ಪ ಲೋಟವನ್ನು ತುಟಿಗಿಟ್ಟುಕೊಂಡ.

ಬಾಗಿಲಿನ ಗಂಟೆ ಹೊಡೆದುಕೊಂಡಿತು.

ಹೊರಗೆ ಕಂಟ್ರಾಕ್ಟರು ನಿಂತಿದ್ದ. ಕೈಯಲ್ಲಿ ಹಣ್ಣಿನ ಚೀಲವಿತ್ತು. "ಸಾರ್, ವಿಳಾಸ ಹುಡುಕೋ ಹೊತ್ತಿಗೆ ಸಾಕಾಯ್ತು. ನಾಳೆ ನಮ್ಮ ಕಟ್ಟಡಕ್ಕೆ ತಾರಸಿ ಕಾಂಕ್ರೀಟ್ ಹಾಕ್ತಿದೀವಿ. ಬೆಳಿಗ್ಗೆಯಿಂದ ಸಂಜೇವರೆಗೆ ಒಂದು ಹನಿ ಬೀಳ್ಬಾರ್ದು. ನೀವು ಒಂದು ಕುರ್ಚಿ ಹಾಕ್ಕೊಂಡು ಕೂತ್ರೆ ಸಾಕು. ಮೋಡ ಕಂಡ ತಕ್ಷಣ ಎತ್ಕೊಂಡುಬಿಡಿ."

"ಏನನ್ನ ಎತ್ಕೊಳ್ಳೋದು?"

"ರಾಗಾನ ಸಾರ್."

ಮೋಡಪ್ಪನಿಗೆ ಕಾಫಿ ನೆತ್ತಿಗೇರಿತು. "ಅಯ್ಯೋ, ಅದು ತಾನಾಗೇ ನಿಂತದ್ದು! ಈ ಊರಿನ ಮಳೆ ಯಾವತ್ತೂ ಅಷ್ಟೇ ಹೊತ್ತು ಬರೋದು. ನನಗೆ ಹಾಡೋಕೆ ಬರಲ್ಲ ಕಣ್ರೀ, ನೀವೇ ಕೇಳಿದ್ರಲ್ಲ!"

"ಕೇಳಿದ್ದಕ್ಕೇ ಬಂದೆ ಸಾರ್. ಚೆನ್ನಾಗಿ ಹಾಡೋರು ಊರಲ್ಲಿ ಬೇಕಾದಷ್ಟು ಜನ ಇದಾರೆ. ಅವರಿಂದ ಒಂದು ಹನಿ ನಿಂತದ್ದು ನಾನು ನೋಡಿಲ್ಲ."

ಅಷ್ಟರಲ್ಲಿ ಅವನ ಹಿಂದಿನಿಂದ ಪಾರ್ಕಿನ ತೋಟಗಾರ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಬಂದವನೇ ಕೈ ಮುಗಿದ. "ಸ್ವಾಮಿ, ಇವರ ಮಾತು ಕೇಳ್ಬೇಡಿ. ನಿನ್ನೆ ತಾನೇ ಇಡೀ ಪಾರ್ಕಿಗೆ ಸಸಿ ನೆಟ್ಟಿದೀನಿ. ಈ ವಾರ ಮಳೆ ಕೈಕೊಟ್ರೆ ಎಲ್ಲ ಒಣಗಿ ಹೋಗುತ್ತೆ. ಇವತ್ತು ಚೆನ್ನಾಗಿ ಹಿಡ್ಕೊಂಡಿತ್ತು, ನೀವು ಬಾಯಿ ಬಿಟ್ರಿ, ಮುಗೀತು. ದಮ್ಮಯ್ಯ, ಒಂದು ವಾರ ಹಾಡ್ಬೇಡಿ. ಸ್ನಾನ ಮಾಡೋವಾಗ್ಲೂ ಗುನುಗ್ಬೇಡಿ."

"ಸಸಿಗೆ ಪೈಪಲ್ಲಿ ನೀರು ಹಾಕಪ್ಪ!" ಎಂದ ಕಂಟ್ರಾಕ್ಟರು.

"ನಿಮ್ಮ ತಾರಸಿ ಮುಂದಿನ ವಾರ ಹಾಕ್ಕೊಳ್ರೀ!" ಎಂದ ತೋಟಗಾರ.

ಜಗಳದ ಸದ್ದಿಗೆ ಪೋಸ್ಟ್‌ಮಾಸ್ಟರರು ಇಳಿದು ಬಂದರು. "ನಾನು ಕಣ್ಣಾರೆ ನೋಡಿದೀನಿ, ಕೊನೇ ಚರಣಕ್ಕೆ ಸರಿಯಾಗಿ ನಿಂತಿದ್ದು" ಎಂದು ಸಾಕ್ಷಿ ಹೇಳಿದರು. ಮೋಡಪ್ಪ ತಲೆ ಮೇಲೆ ಕೈ ಹೊತ್ತ. ಆಗ ಅವನ ಫೋನು ರಿಂಗಾಯಿತು. ಸಾಹೇಬರು! ಮುಳುಗುವವನಿಗೆ ದೋಣಿ ಸಿಕ್ಕಂತಾಯಿತು. ಹಾಡಬೇಡಿ ಎಂದವರೇ ಅವರು. ಅವರ ಬಾಯಿಂದಲೇ ಒಂದು ಮಾತು ಹೇಳಿಸಿದರೆ ಇವರೆಲ್ಲ ಜಾಗ ಖಾಲಿ ಮಾಡುತ್ತಾರೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಮೋಡಪ್ಪ, ಬರೋ ಭಾನುವಾರ ನನ್ನ ಮಗಳ ಮದುವೆ ಔತಣ. ತೋಟದ ಮನೆಯ ಬಯಲಲ್ಲಿ. ನಮ್ಮ ಮನೆಯವಳಿಗೆ ಇವತ್ತಿನ ಕತೆ ಹೇಳ್ದೆ. ನೀವು ಬರ್ಲೇಬೇಕಂತೆ. ಬೇಲಿ ಹತ್ರ ನಿಮಗೇ ಅಂತ ಒಂದು ಕುರ್ಚಿ ಹಾಕಿಸ್ತೀನಿ."

"ಸರ್! ನೀವೇ ಹಾಡ್ಬೇಡಿ ಅಂದ್ರಲ್ಲ ಸರ್!"

"ಬಿಸಿಲಿದ್ದಾಗ ಹಾಡ್ಬೇಡಿ ಅಂದೆ ರೀ. ಯಾರಾದ್ರೂ ಬಿಸಿಲಲ್ಲಿ ಕೊಡೆ ಬಿಚ್ತಾರಾ?" ಎಂದು ನಗುತ್ತ ಸಾಹೇಬರು ಫೋನಿಟ್ಟರು.

ಫೋನು ಸುಮ್ಮನಾಯಿತು. ಅದರ ಬೆನ್ನಿಗೇ ಊರಿನ ಆಚೆ ಬದಿಯಲ್ಲಿ ಗುಡುಗು ಗುಡುಗುಡು ಎಂದು ಉರುಳಿತು. ಬಾಗಿಲಲ್ಲಿದ್ದವರೆಲ್ಲ ಒಂದೇ ಸಲ ಮೋಡಪ್ಪನ ಕಡೆ ತಿರುಗಿದರು.

"ಸಾರ್, ಸಿಮೆಂಟಿನ ಮೂಟೆ ಎಲ್ಲ ಬಯಲಲ್ಲೇ ಬಿದ್ದಿವೆ!" ಎಂದು ಕಂಟ್ರಾಕ್ಟರು ಹೌಹಾರಿದ. "ನಾಳೆ ಯಾಕೆ, ಈಗ್ಲೇ ಶುರು ಮಾಡಿ ಸಾರ್!"

"ಬೇಡಾ..." ಎನ್ನಲು ಮೋಡಪ್ಪ ಬಾಯಿ ತೆರೆದ. ಅವನು ಹಾಡಲು ಹೊರಟನೆಂದೇ ತಿಳಿದ ತೋಟಗಾರ ಹಾರಿ ಬಂದು ಅವನ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದ. ಕಂಟ್ರಾಕ್ಟರು ಆ ಕೈಯನ್ನು ಕಿತ್ತು ತೆಗೆಯಲು ಎಳೆದಾಡಿದ. ಪೋಸ್ಟ್‌ಮಾಸ್ಟರರು ಯಾರ ಪಕ್ಷವೆಂದು ತಿಳಿಯದೆ ಇಬ್ಬರ ತೋಳನ್ನೂ ಹಿಡಿದುಕೊಂಡರು. ಹೆಂಡತಿ ಕಾಫಿ ಲೋಟವನ್ನು ಚೆಲ್ಲದ ಹಾಗೆ ಎತ್ತಿಕೊಂಡು ಒಳಗೆ ಹೋದಳು.

ಹೊರಗೆ ಹನಿ ಬೀಳತೊಡಗಿತು. ತೋಟಗಾರನ ಅಂಗೈ ಮಣ್ಣಿನ ವಾಸನೆ ಹೊಡೆಯುತ್ತಿತ್ತು, ಸ್ವಲ್ಪ ಗೊಬ್ಬರದ ವಾಸನೆಯೂ ಸೇರಿತ್ತು. ಆದರೂ ಮೋಡಪ್ಪ ಬಿಡಿಸಿಕೊಳ್ಳಲು ಹೋಗಲಿಲ್ಲ. ಇನ್ನು ತನ್ನನ್ನು ಹಾಡು ಎಂದು ಪೀಡಿಸುವವರೆಲ್ಲ ಮೊದಲು ಈ ಕೈಯನ್ನು ದಾಟಿ ಬರಬೇಕಲ್ಲ ಎಂದುಕೊಂಡು, ಅದರ ಹಿಂದೆ ನೆಮ್ಮದಿಯಾಗಿ ಕಣ್ಣು ಮುಚ್ಚಿದ.